ಕಾರಿನ ಸ್ಕ್ರೀನಿಗೆ ಫೋನ್ ಜೋಡಿಸುವುದು ಹೇಗೆ: ಕೇಬಲ್‌ನಿಂದ ಶುರು ಮಾಡಿ

ಕಾರಿನ ಸ್ಕ್ರೀನ್ ಮೇಲೆ ಗೂಗಲ್ ಮ್ಯಾಪ್ಸ್ ಕಾಣುತ್ತಿದ್ದರೂ ಅದು ಓಡುತ್ತಿರುವುದು ಕಾರಿನಲ್ಲಿ ಅಲ್ಲ, ನಿಮ್ಮ ಫೋನಿನಲ್ಲಿ. ಇಂಟರ್ನೆಟ್ ಫೋನಿನದು, ದಾರಿ ಹುಡುಕುವ ಕೆಲಸ ಫೋನಿನದು, ಹಾಡೂ ಫೋನಿನದೇ. ಕಾರು ಕೊಡುವುದು ಪರದೆ, ಸ್ಪೀಕರ್, ಮೈಕ್ ಮತ್ತು ಸ್ಟೀರಿಂಗ್ ಮೇಲಿನ ಬಟನ್ ಮಾತ್ರ. ಇದೊಂದು ವಿಷಯ ನೆನಪಿದ್ದರೆ ಅರ್ಧ ತಲೆನೋವು ಕಡಿಮೆ. ಸ್ಕ್ರೀನ್ ಕೈಕೊಟ್ಟ ಕೂಡಲೇ ನಾವು ಕಾರನ್ನು ಬೈದು ಸರ್ವಿಸ್ ಸೆಂಟರ್‌ಗೆ ಫೋನ್ ಮಾಡುತ್ತೇವೆ. ಸಮಸ್ಯೆ ಮಾತ್ರ ಹೆಚ್ಚಿನ ಸಲ ಫೋನಿನಲ್ಲೋ ಕೇಬಲ್‌ನಲ್ಲೋ ಕೂತಿರುತ್ತದೆ.

ಆಂಡ್ರಾಯ್ಡ್ ಫೋನ್ ಇದ್ದವರಿಗೆ ಆಂಡ್ರಾಯ್ಡ್ ಆಟೋ, ಐಫೋನ್ ಇದ್ದವರಿಗೆ ಆಪಲ್ ಕಾರ್‌ಪ್ಲೇ. ಕಾರ್‌ಪ್ಲೇ 2014ರಲ್ಲಿ ಬಂತು, ಆಂಡ್ರಾಯ್ಡ್ ಆಟೋ 2015ರಲ್ಲಿ. ಎರಡರ ಕೆಲಸವೂ ಒಂದೇ: ಡ್ರೈವ್ ಮಾಡುವಾಗ ಬೇಕಾಗುವ ಮ್ಯಾಪ್, ಕರೆ, ಮೆಸೇಜ್, ಹಾಡು ಇವಿಷ್ಟನ್ನು ದೊಡ್ಡ ಅಕ್ಷರದಲ್ಲಿ, ದೊಡ್ಡ ಬಟನ್‌ಗಳಲ್ಲಿ ಕಾರಿನ ಪರದೆಗೆ ತರುವುದು. ಉಳಿದ ಆ್ಯಪ್‌ಗಳನ್ನು ಬೇಕಂತಲೇ ಹೊರಗಿಟ್ಟಿದ್ದಾರೆ.

ಈ ಲೇಖನದಲ್ಲಿ ಹೇಳಿದ ಎಲ್ಲವನ್ನೂ ಕಾರು ನಿಂತಿರುವಾಗ, ಮನೆ ಮುಂದೆಯೇ ಮಾಡಿ ಮುಗಿಸಿ. ರಿಂಗ್ ರೋಡ್ ಸಿಗ್ನಲ್‌ನಲ್ಲಿ ನಿಂತು ಸೆಟ್ಟಿಂಗ್ಸ್ ತೆಗೆಯುವ ಸಾಹಸ ಬೇಡ.

ಮೊದಲು ನೋಡಬೇಕಾದ್ದು

ನಿಮ್ಮ ಕಾರಿನಲ್ಲಿ ಈ ಸೌಲಭ್ಯ ಇದೆಯಾ ಎಂದು ತಿಳಿಯಲು ಮಾಡೆಲ್ ಹೆಸರು ಸಾಲದು, ವೇರಿಯಂಟ್ ನೋಡಬೇಕು. ಕೆಳಗಿನ ವೇರಿಯಂಟ್‌ನಲ್ಲಿ ಬರೀ ಬ್ಲೂಟೂತ್ ಇರುವ ಮ್ಯೂಸಿಕ್ ಸಿಸ್ಟಂ ಇರಬಹುದು, ಅದೇ ಕಾರಿನ ಮೇಲಿನ ವೇರಿಯಂಟ್‌ನಲ್ಲಿ ಟಚ್‌ಸ್ಕ್ರೀನ್. ದುಡ್ಡು ಜಾಸ್ತಿ ಕೊಟ್ಟರೆ ಎಲ್ಲಾ ಸಿಗುತ್ತೆ ಅನ್ನುವ ಲೆಕ್ಕವೂ ಇಲ್ಲಿ ನಡೆಯುವುದಿಲ್ಲ. 2020ರ ಹ್ಯುಂಡೈ ಐ20ಯಲ್ಲಿ 8 ಇಂಚಿನ ಸಣ್ಣ ಸ್ಕ್ರೀನಿಗೆ ವೈರ್‌ಲೆಸ್ ಆಗಿ ಫೋನ್ ಜೋಡಿಸಬಹುದಿತ್ತು, 10.25 ಇಂಚಿನ ದುಬಾರಿ ಸ್ಕ್ರೀನಿಗೆ ಕೇಬಲ್ ಬೇಕಿತ್ತು! ಹಾಗಾಗಿ ಹಳೇ ಕಾರು ಕೊಳ್ಳುವವರು ಮಾಲೀಕರ ಮಾತನ್ನಷ್ಟೇ ಕೇಳದೆ ನಿಮ್ಮದೇ ಫೋನ್, ನಿಮ್ಮದೇ ಕೇಬಲ್ ತೆಗೆದುಕೊಂಡು ಹೋಗಿ ಹಾಕಿ ನೋಡಿ.

ಇನ್ನೊಂದು ಗೊಂದಲ ಇದೆ. ಕಾರು ಕಂಪನಿಯವರು ಕೊಡುವ ಕನೆಕ್ಟೆಡ್ ಕಾರ್ ಆ್ಯಪ್, ಅಂದರೆ ಮನೆಯಲ್ಲೇ ಕೂತು ಎಸಿ ಆನ್ ಮಾಡುವುದು, ಕಾರು ಎಲ್ಲಿದೆ ನೋಡುವುದು, ಅದು ಬೇರೆಯೇ ವ್ಯವಸ್ಥೆ. ಅದರ ಚಂದಾ ಮುಗಿದರೂ ಆಂಡ್ರಾಯ್ಡ್ ಆಟೋಗೆ, ಕಾರ್‌ಪ್ಲೇಗೆ ಏನೂ ಆಗುವುದಿಲ್ಲ. ‘ಚಂದಾ ಕಟ್ಟಿಲ್ಲ, ಅದಕ್ಕೇ ಮ್ಯಾಪ್ ಬರ್ತಿಲ್ಲ’ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಕೇಬಲ್ ಮತ್ತು ಪೋರ್ಟ್

ಸ್ವಲ್ಪ ಹೊತ್ತು ಇಲ್ಲೇ ನಿಲ್ಲೋಣ. ಫೋನ್ ಕಾರಿಗೆ ಸೇರದೇ ಇರುವುದಕ್ಕೆ ನಾನು ಕಂಡಂತೆ ಮೊದಲ ಆರೋಪಿ ಕೇಬಲ್.

ಯುಎಸ್‌ಬಿ ಕೇಬಲ್‌ನ ಒಳಗೆ ಕರೆಂಟ್ ಹೋಗುವ ತಂತಿ ಬೇರೆ, ಡೇಟಾ ಹೋಗುವ ತಂತಿ ಬೇರೆ. ಅಗ್ಗದ ಕೆಲವು ಕೇಬಲ್‌ಗಳಲ್ಲಿ ಡೇಟಾ ತಂತಿಯೇ ಇರುವುದಿಲ್ಲ. ಇಯರ್‌ಫೋನ್, ಟ್ರಿಮ್ಮರ್, ಪವರ್ ಬ್ಯಾಂಕ್ ಜೊತೆ ಪುಕ್ಕಟೆ ಬರುವ ಗಿಡ್ಡ ಕೇಬಲ್‌ಗಳು ಹೆಚ್ಚಾಗಿ ಇದೇ ಜಾತಿಯವು. ಅವುಗಳಿಂದ ಫೋನ್ ಚಾರ್ಜ್ ಆಗುತ್ತೆ, ಕಾರಿಗೆ ಮಾತ್ರ ಫೋನ್ ಬಂದಿರುವುದೇ ಗೊತ್ತಾಗುವುದಿಲ್ಲ. ಪರೀಕ್ಷೆ ಸುಲಭ: ಆ ಕೇಬಲ್‌ನಿಂದ ಫೋನನ್ನು ಲ್ಯಾಪ್‌ಟಾಪ್‌ಗೆ ಹಾಕಿ. ಫೋನಿನ ನೋಟಿಫಿಕೇಶನ್‌ನಲ್ಲಿ ಫೈಲ್ ಟ್ರಾನ್ಸ್‌ಫರ್ ಆಯ್ಕೆ ಮಾಡಿದಾಗ ಲ್ಯಾಪ್‌ಟಾಪ್‌ನಲ್ಲಿ ಫೋಟೋಗಳು ಕಂಡರೆ ಕೇಬಲ್ ಸರಿ ಇದೆ. ಬರೀ ಚಾರ್ಜ್ ಆದರೆ ಅದನ್ನು ಮನೆಯಲ್ಲೇ ಬಿಡಿ.

ಕೇಬಲ್ ಉದ್ದ 1 ಮೀಟರ್ ಒಳಗಿರಲಿ. ಹಿಂದಿನ ಸೀಟಿನವರೆಗೆ ಎಳೆಯಬಹುದು ಅಂತ 2 ಮೀಟರ್‌ದು ತಂದರೆ ಗುಂಡಿಯಲ್ಲಿ ಕಾರು ಕುಲುಕಿದಾಗಲೆಲ್ಲ ಸಂಪರ್ಕ ತಪ್ಪುವ ಸಾಧ್ಯತೆ ಜಾಸ್ತಿ. ಎಕ್ಸ್‌ಟೆನ್ಷನ್ ಕೇಬಲ್, ಯುಎಸ್‌ಬಿ ಹಬ್, ಮಧ್ಯದಲ್ಲಿ ಒಂದು ಕನ್ವರ್ಟರ್ ಇವೆಲ್ಲಾ ಬೇಡ. ಕಾರಿನಲ್ಲಿ ಟೈಪ್ ಸಿ ಪೋರ್ಟ್ ಇದ್ದರೆ ಸಿ ಟು ಸಿ ಕೇಬಲ್, ಹಳೆಯ ಚಪ್ಪಟೆ ಪೋರ್ಟ್ ಇದ್ದರೆ ಎ ಟು ಸಿ ಕೇಬಲ್ ತಗೊಳ್ಳಿ. ಐಫೋನ್ 15 ಮತ್ತು ಅದರ ನಂತರದವಕ್ಕೆ ಟೈಪ್ ಸಿ ಸಾಕು, 14ರವರೆಗಿನವಕ್ಕೆ ಲೈಟ್ನಿಂಗ್ ಬೇಕು. ಒಳ್ಳೆಯದೊಂದು ಕೇಬಲ್ ಕೊಂಡು ಅದನ್ನು ಕಾರಿನಲ್ಲೇ ಇಡಿ. ಮನೆ ಚಾರ್ಜರ್‌ಗೂ ಕಾರಿಗೂ ಒಂದೇ ಕೇಬಲ್ ಓಡಾಡಿಸಿದರೆ ಬೇಗ ಸೊರಗುತ್ತದೆ. ಜೊತೆಗೆ ಬೇಕಾದ ದಿನವೇ ಅದು ಮಂಚದ ಪಕ್ಕ ಉಳಿದಿರುತ್ತದೆ.

ಇನ್ನು ಪೋರ್ಟ್. ಕಾರಿನಲ್ಲಿ ಎರಡು ಮೂರು ಯುಎಸ್‌ಬಿ ತೂತು ಇದ್ದರೂ ಸ್ಕ್ರೀನಿಗೆ ಸೇರಿರುವುದು ಸಾಮಾನ್ಯವಾಗಿ ಒಂದೇ. ಅದರ ಪಕ್ಕ ಫೋನಿನ ಚಿತ್ರವೋ, ಯುಎಸ್‌ಬಿಯ ತ್ರಿಶೂಲದಂಥ ಗುರುತೋ ಇರುತ್ತದೆ. ಮಿಂಚಿನ ಅಥವಾ ಬ್ಯಾಟರಿ ಗುರುತು ಮಾತ್ರ ಇದ್ದರೆ ಅದು ಬರೀ ಚಾರ್ಜಿಂಗ್‌ಗೆ. ಹಿಂದಿನ ಸೀಟಿನವರಿಗೆ ಕೊಟ್ಟಿರುವ ಪೋರ್ಟ್‌ಗಳ ಕಥೆಯೂ ಬಹುಪಾಲು ಇಷ್ಟೇ.

ಕೇಬಲ್ ಸರಿ, ಪೋರ್ಟ್ ಸರಿ, ಆದರೂ ಕುಲುಕಿದರೆ ಕಟ್ ಆಗುತ್ತಾ? ಫೋನಿನ ಚಾರ್ಜಿಂಗ್ ತೂತಿನೊಳಗೆ ಟಾರ್ಚ್ ಬಿಟ್ಟು ನೋಡಿ. ಪ್ಯಾಂಟಿನ ಜೇಬಿನ ನೂಲು, ಧೂಳು ಎಲ್ಲಾ ಸೇರಿ ಗಟ್ಟಿಯಾಗಿ ತಳದಲ್ಲಿ ಕೂತಿರುತ್ತದೆ. ಪ್ಲಗ್ ಪೂರ್ತಿ ಒಳಗೆ ಹೋಗದೆ ಕೂದಲೆಳೆಯಷ್ಟು ಹೊರಗೇ ನಿಲ್ಲುತ್ತದೆ. ಒತ್ತಿದಾಗ ‘ಟಕ್’ ಅನ್ನುವ ಬಿಗಿ ಸಿಗುವುದಿಲ್ಲ. ಫೋನ್ ಆಫ್ ಮಾಡಿ, ಮರದ ಹಲ್ಲುಕಡ್ಡಿಯಿಂದ ಮೆಲ್ಲಗೆ ಕೆದಕಿ ತೆಗೆಯಿರಿ. ಸೂಜಿ, ಸೇಫ್ಟಿ ಪಿನ್ ಹಾಕಬೇಡಿ, ಒಳಗಿನ ಪಿನ್ ಹಾಳಾಗುತ್ತವೆ. ಹೊರಬರುವ ಕಸದ ಉಂಡೆ ನೋಡಿದರೆ ಇಷ್ಟು ದಿನ ಫೋನ್ ಹೇಗೆ ಚಾರ್ಜ್ ಆಗುತ್ತಿತ್ತು ಅನ್ನಿಸುತ್ತದೆ.

ಆಂಡ್ರಾಯ್ಡ್ ಫೋನ್: ಮೊದಲ ಸಲ ಜೋಡಿಸುವುದು

ಆಂಡ್ರಾಯ್ಡ್ 10ರಿಂದ ಈಚೆಗಿನ ಫೋನ್‌ಗಳಲ್ಲಿ ಆಂಡ್ರಾಯ್ಡ್ ಆಟೋ ಫೋನಿನೊಳಗೇ ಇರುತ್ತದೆ. ಆ್ಯಪ್‌ಗಳ ಪಟ್ಟಿಯಲ್ಲಿ ಅದರ ಚಿತ್ರ ಕಾಣದಿದ್ದರೆ ಗಾಬರಿಯಾಗಬೇಡಿ. ಸೆಟ್ಟಿಂಗ್ಸ್ ತೆಗೆದು ಮೇಲಿನ ಹುಡುಕುವ ಜಾಗದಲ್ಲಿ ‘ಆಂಡ್ರಾಯ್ಡ್ ಆಟೋ’ ಎಂದು ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ, ಸಿಗುತ್ತದೆ. ಹೆಚ್ಚಿನ ಫೋನ್‌ಗಳಲ್ಲಿ ಅದು ಕನೆಕ್ಟೆಡ್ ಡಿವೈಸಸ್ ಅನ್ನುವ ಭಾಗದಲ್ಲಿರುತ್ತದೆ.

1. ಪ್ಲೇ ಸ್ಟೋರ್‌ನಲ್ಲಿ ಆಂಡ್ರಾಯ್ಡ್ ಆಟೋ, ಗೂಗಲ್, ಗೂಗಲ್ ಮ್ಯಾಪ್ಸ್ ಮೂರನ್ನೂ ಅಪ್‌ಡೇಟ್ ಮಾಡಿ.
2. ಕಾರು ಸ್ಟಾರ್ಟ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಸ್ಕ್ರೀನ್ ಪೂರ್ತಿ ಆನ್ ಆಗುವವರೆಗೆ ಕಾಯಿರಿ.
3. ಫೋನಿನ ಲಾಕ್ ತೆಗೆದು ಕೇಬಲ್ ಹಾಕಿ. ಮೊದಲ ಸಲ ಲಾಕ್ ತೆಗೆದಿರಲೇಬೇಕು.
4. ಕಾರಿನ ಸ್ಕ್ರೀನ್ ‘ಆಂಡ್ರಾಯ್ಡ್ ಆಟೋ ಬಳಸಬೇಕೇ’ ಎಂದು ಕೇಳಿದರೆ ಒಪ್ಪಿಗೆ ಕೊಡಿ. ಫೋನಿನಲ್ಲೂ ಒಂದಾದ ಮೇಲೊಂದು ಅನುಮತಿ ಕೇಳುತ್ತದೆ: ಕಾಂಟ್ಯಾಕ್ಟ್ಸ್, ಕರೆ, ಲೊಕೇಶನ್, ನೋಟಿಫಿಕೇಶನ್.

ಈ ಅನುಮತಿಗಳ ವಿಷಯದಲ್ಲಿ ಅವಸರ ಬೇಡ. ನೋಟಿಫಿಕೇಶನ್ ಓದುವ ಅನುಮತಿ ಕೊಡದಿದ್ದರೆ ವಾಟ್ಸಾಪ್ ಮೆಸೇಜ್ ಸ್ಕ್ರೀನಿಗೆ ಬರುವುದಿಲ್ಲ. ಲೊಕೇಶನ್ ಕೊಡದಿದ್ದರೆ ಮ್ಯಾಪ್ ಕೆಲಸಕ್ಕೆ ಬಾರದು.

ಕೇಬಲ್ ಹಾಕಿದರೂ ಸ್ಕ್ರೀನ್ ಸುಮ್ನೆ ಇದ್ದರೆ ಫೋನಿನ ನೋಟಿಫಿಕೇಶನ್ ಪರದೆ ಕೆಳಗೆಳೆದು ನೋಡಿ. ‘ಯುಎಸ್‌ಬಿ ಚಾರ್ಜಿಂಗ್ ಮಾತ್ರ’ ಅನ್ನುವ ಅರ್ಥದ ಸಾಲು ಇದ್ದರೆ ಅದನ್ನು ಒತ್ತಿ ‘ಫೈಲ್ ಟ್ರಾನ್ಸ್‌ಫರ್ / ಆಂಡ್ರಾಯ್ಡ್ ಆಟೋ’ ಆಯ್ಕೆ ಮಾಡಿ. ಕಾರಿನ ಕಡೆಯಲ್ಲೂ ಸೆಟ್ಟಿಂಗ್ಸ್‌ನಲ್ಲಿ ಆಂಡ್ರಾಯ್ಡ್ ಆಟೋ ಆಫ್ ಆಗಿರಬಹುದು, ಒಮ್ಮೆ ನೋಡಿ.

ಆಮೇಲೆ ಫೋನಿನ ಆಂಡ್ರಾಯ್ಡ್ ಆಟೋ ಸೆಟ್ಟಿಂಗ್ಸ್‌ಗೆ ಬಂದು ಎರಡು ಕೆಲಸ ಮಾಡಿ. ಲಾಕ್ ಆಗಿರುವಾಗಲೂ ಶುರುವಾಗುವ ಆಯ್ಕೆಯನ್ನು ಆನ್ ಮಾಡಿ, ಆಗ ಪ್ರತಿ ಸಲ ಫೋನ್ ಜೇಬಿನಿಂದ ತೆಗೆದು ಬೆರಳೊತ್ತಬೇಕಿಲ್ಲ. ‘ಕಸ್ಟಮೈಸ್ ಲಾಂಚರ್’ ಒಳಗೆ ಹೋಗಿ ಬೇಡದ ಆ್ಯಪ್‌ಗಳ ಟಿಕ್ ತೆಗೆಯಿರಿ. ಮ್ಯಾಪ್, ಫೋನ್, ಒಂದು ಹಾಡಿನ ಆ್ಯಪ್, ವಾಟ್ಸಾಪ್ ಮೊದಲ ಸಾಲಿನಲ್ಲಿದ್ದರೆ ಸಾಕು. 2023ರಲ್ಲಿ ಬಂದ ಹೊಸ ವಿನ್ಯಾಸದಲ್ಲಿ ಮ್ಯಾಪ್ ಮತ್ತು ಹಾಡು ಒಂದೇ ಪರದೆಯಲ್ಲಿ ಅಕ್ಕಪಕ್ಕ ಕಾಣುತ್ತವೆ. ಯಾವುದು ಡ್ರೈವರ್ ಹತ್ತಿರ ಇರಬೇಕು ಅನ್ನುವುದನ್ನೂ ಸೆಟ್ಟಿಂಗ್ಸ್‌ನಲ್ಲಿ ಬದಲಿಸಬಹುದು. ಮ್ಯಾಪ್ ಹತ್ತಿರ ಇರುವುದೇ ಒಳ್ಳೆಯದು. ಹಾಡು ಬದಲಿಸಲು ಸ್ಟೀರಿಂಗ್ ಮೇಲೆ ಬಟನ್ ಇದೆ ಅಲ್ವಾ?

ಐಫೋನ್ ಇದ್ದವರಿಗೆ

ಇಲ್ಲಿ ಹೇಳುವುದು ಕಡಿಮೆ. ಐಫೋನಿನ ಧ್ವನಿ ಸಹಾಯಕ ಸಿರಿ ಆನ್ ಆಗಿರಬೇಕು, ಆಫ್ ಇದ್ದರೆ ಕಾರ್‌ಪ್ಲೇ ಶುರುವಾಗುವುದೇ ಇಲ್ಲ. ‘ನನಗೆ ಸಿರಿ ಬೇಡ’ ಎಂದು ಆಫ್ ಮಾಡಿಟ್ಟವರು ಇಲ್ಲಿ ತಬ್ಬಿಬ್ಬಾಗುತ್ತಾರೆ. ಸಿರಿ ಆನ್ ಮಾಡಿ, ಲಾಕ್ ತೆಗೆದು, ಕೇಬಲ್ ಹಾಕಿ, ಬಂದ ಪ್ರಶ್ನೆಗೆ ಒಪ್ಪಿಗೆ ಕೊಡಿ. ಸೆಟ್ಟಿಂಗ್ಸ್, ಜನರಲ್, ಕಾರ್‌ಪ್ಲೇ ಎಂದು ಹೋದರೆ ನಿಮ್ಮ ಕಾರಿನ ಹೆಸರು ಕಾಣುತ್ತದೆ. ಆ್ಯಪ್‌ಗಳ ಜಾಗ ಬದಲಿಸುವುದು ಅಲ್ಲೇ. ಮಕ್ಕಳ ಕೈಗೆ ಹೋಗುವ ಫೋನ್ ಎಂದು ಸ್ಕ್ರೀನ್ ಟೈಮ್‌ನಲ್ಲಿ ನಿರ್ಬಂಧ ಹಾಕಿದ್ದರೆ ಕಾರ್‌ಪ್ಲೇಯನ್ನೂ ಅದು ತಡೆದಿರಬಹುದು. ಗೂಗಲ್ ಮ್ಯಾಪ್ಸ್ ಬೇಕಿದ್ದವರು ಫೋನಿಗೆ ಆ ಆ್ಯಪ್ ಹಾಕಿಕೊಂಡರೆ ಸಾಕು. ಐಫೋನಿನ ಸಾಫ್ಟ್‌ವೇರ್ ಐಓಎಸ್ 12ರಿಂದ ಅದು ಕಾರ್‌ಪ್ಲೇಯಲ್ಲಿ ಓಡುತ್ತಿದೆ.

ವೈರ್ ಇಲ್ಲದೆ

ವೈರ್‌ಲೆಸ್ ಜೋಡಣೆ ಬ್ಲೂಟೂತ್‌ನಲ್ಲೇ ನಡೆಯುತ್ತದೆ ಎಂದು ತುಂಬಾ ಜನ ತಿಳಿದಿದ್ದಾರೆ. ಬ್ಲೂಟೂತ್ ಮಾಡುವುದು ಪರಿಚಯ ಮಾತ್ರ. ಗುರುತು ಸಿಕ್ಕ ಮೇಲೆ ಮ್ಯಾಪ್, ಹಾಡು ಎಲ್ಲಾ ಹರಿಯುವುದು ವೈಫೈ ಮೂಲಕ. ಹಾಗಾಗಿ ಬ್ಲೂಟೂತ್, ವೈಫೈ ಎರಡೂ ಆನ್ ಇರಬೇಕು. ಬ್ಯಾಟರಿ ಉಳಿಸಲು ಮನೆಯಿಂದ ಹೊರಟ ಕೂಡಲೇ ವೈಫೈ ಆಫ್ ಮಾಡುವ ಅಭ್ಯಾಸ ಇದ್ದರೆ ಕಾರು ಫೋನನ್ನು ಹುಡುಕುತ್ತಲೇ ಇರುತ್ತದೆ. ಆಂಡ್ರಾಯ್ಡ್‌ನಲ್ಲಿ ಇದಕ್ಕೆ ಸಾಮಾನ್ಯವಾಗಿ ಆಂಡ್ರಾಯ್ಡ್ 11 ಅಥವಾ ಮೇಲಿನದ್ದು, 5 ಗಿಗಾಹರ್ಟ್ಸ್ ವೈಫೈ ಇರುವ ಫೋನ್ ಬೇಕು.

ಮೊದಲ ಸಲ ಹೀಗೆ ಮಾಡಿ: ಕಾರಿನ ಬ್ಲೂಟೂತ್ ಮೆನುವಿನಲ್ಲಿ ಹೊಸ ಫೋನ್ ಸೇರಿಸು ಅನ್ನಿ, ಫೋನಿನಲ್ಲಿ ಕಾರಿನ ಹೆಸರು ಒತ್ತಿ, ಎರಡೂ ಕಡೆ ಒಂದೇ ನಂಬರ್ ಕಾಣುತ್ತಿದೆಯೇ ನೋಡಿ ಒಪ್ಪಿಗೆ ಕೊಡಿ. ಆಮೇಲೆ ಆಂಡ್ರಾಯ್ಡ್ ಆಟೋ ಅಥವಾ ಕಾರ್‌ಪ್ಲೇ ಬೇಕೇ ಎಂದು ಕೇಳುತ್ತದೆ. ಮರುದಿನದಿಂದ ಕಾರು ಸ್ಟಾರ್ಟ್ ಮಾಡಿದ ಸ್ವಲ್ಪ ಹೊತ್ತಿಗೆ ತಾನಾಗೇ ಬರುತ್ತದೆ.

ಕೆಲವು ಫೋನ್‌ಗಳಲ್ಲಿ ತಾನಾಗೇ ಬರುವುದಿಲ್ಲ. ಬ್ಯಾಟರಿ ಉಳಿಸುವ ಹುರುಪಿನಲ್ಲಿ ಫೋನೇ ಆಂಡ್ರಾಯ್ಡ್ ಆಟೋವನ್ನು ಮಲಗಿಸಿರುತ್ತದೆ. ಶಿಯೋಮಿ, ರಿಯಲ್‌ಮಿ, ಒಪ್ಪೋ, ವಿವೋ ಇಟ್ಟುಕೊಂಡವರು ಆ್ಯಪ್ ಇನ್ಫೋದಲ್ಲಿ ಆಂಡ್ರಾಯ್ಡ್ ಆಟೋಗೆ ಬ್ಯಾಟರಿ ನಿರ್ಬಂಧ ತೆಗೆಯಿರಿ, ಆಟೋಸ್ಟಾರ್ಟ್ ಅನ್ನುವುದು ಇದ್ದರೆ ಆನ್ ಮಾಡಿ. ಫೋನಿನಲ್ಲಿ ವಿಪಿಎನ್ (ಇಂಟರ್ನೆಟ್ ಸಂಪರ್ಕವನ್ನು ಗುಟ್ಟಾಗಿ ಬೇರೆ ಸರ್ವರ್ ಮೂಲಕ ಕಳಿಸುವ ವ್ಯವಸ್ಥೆ) ಇದ್ದರೆ ಅದೂ ಅಡ್ಡಗಾಲು ಹಾಕಬಹುದು. ಆಫೀಸಿನ ವಿಪಿಎನ್ ಆನ್ ಇಟ್ಟುಕೊಂಡೇ ಮನೆಗೆ ಹೊರಡುವವರು ಇದನ್ನು ಗಮನಿಸಿ.

ವೈರ್ ಬೇಕಿರುವ ಕಾರನ್ನು ವೈರ್‌ಲೆಸ್ ಮಾಡುವ ಪುಟ್ಟ ಅಡಾಪ್ಟರ್‌ಗಳು ಸಿಗುತ್ತವೆ. ಕಾರಿನ ಯುಎಸ್‌ಬಿಗೆ ಅದನ್ನು ಚುಚ್ಚಿದರೆ ಅದು ಫೋನಿನ ಜೊತೆ ವೈಫೈನಲ್ಲಿ ಮಾತಾಡುತ್ತದೆ. ಆದರೆ ಕಾರಿನಲ್ಲಿ ವೈರ್ ಇರುವ ಆಂಡ್ರಾಯ್ಡ್ ಆಟೋ ಅಥವಾ ಕಾರ್‌ಪ್ಲೇ ಮೊದಲೇ ಇರಬೇಕು, ಏನೂ ಇಲ್ಲದ ಸ್ಕ್ರೀನಿಗೆ ಅದು ಜೀವ ಕೊಡುವುದಿಲ್ಲ. ಊರೊಳಗೆ ಓಡಾಡುವವರಿಗೆ, ಪದೇ ಪದೇ ಹತ್ತಿ ಇಳಿಯುವವರಿಗೆ ವೈರ್‌ಲೆಸ್ ಸುಖ. ಬೆಂಗಳೂರಿನಿಂದ ಕಾರವಾರಕ್ಕೋ ಬೀದರ್‌ಗೋ ಹೊರಟಿದ್ದರೆ ನಾನು ಕೇಬಲ್ಲೇ ಹಾಕುತ್ತೇನೆ. ಸಂಪರ್ಕ ಗಟ್ಟಿ, ಚಾರ್ಜೂ ಆಗುತ್ತಿರುತ್ತದೆ.

ಒಂದು ಕಾರು, ಎರಡು ಫೋನ್

ಗಂಡ ಹೆಂಡತಿ ಇಬ್ಬರೂ ಒಂದೇ ಕಾರು ಓಡಿಸುವ ಮನೆಗಳಲ್ಲಿ ದಿನಾ ನಡೆಯುವ ತಮಾಷೆ ಇದು. ಓಡಿಸುವವರು ಒಬ್ಬರು, ಸ್ಕ್ರೀನಿಗೆ ಸೇರಿಕೊಂಡ ಫೋನ್ ಇನ್ನೊಬ್ಬರದು. ಅತ್ತೆ ಮನೆಯ ಕರೆ ಎಲ್ಲರ ಮುಂದೆ ಸ್ಪೀಕರ್‌ನಲ್ಲಿ! ಕಾರಿನ ಬ್ಲೂಟೂತ್ ಅಥವಾ ಡಿವೈಸ್ ಪಟ್ಟಿಯಲ್ಲಿ ಯಾವ ಫೋನಿಗೆ ಮೊದಲ ಆದ್ಯತೆ ಎಂದು ಗುರುತು ಹಾಕುವ ಆಯ್ಕೆ ತುಂಬಾ ಕಾರುಗಳಲ್ಲಿದೆ, ನಕ್ಷತ್ರದ ಚಿತ್ರ ಇರಬಹುದು. ಆ ಆಯ್ಕೆ ಇಲ್ಲದಿದ್ದರೆ ಎರಡನೇ ಫೋನಿನಲ್ಲಿ ಕಾರಿನ ಬ್ಲೂಟೂತ್ ತಾನಾಗೇ ಸೇರದಂತೆ ಮಾಡಿ, ಬೇಕಾದಾಗ ಕೈಯಿಂದ ಜೋಡಿಸಿಕೊಳ್ಳಿ.

ದಾರಿ ಕನ್ನಡದಲ್ಲಿ ಕೇಳಿ

ಗೂಗಲ್ ಮ್ಯಾಪ್ಸ್ ಕನ್ನಡದಲ್ಲಿ ದಾರಿ ಹೇಳುತ್ತದೆ. ಫೋನಿನ ಮ್ಯಾಪ್ಸ್ ಆ್ಯಪ್‌ನಲ್ಲಿ ಮೇಲೆ ಬಲಗಡೆ ನಿಮ್ಮ ಫೋಟೋ ಒತ್ತಿ, ಸೆಟ್ಟಿಂಗ್ಸ್‌ಗೆ ಹೋಗಿ, ನ್ಯಾವಿಗೇಶನ್ ಭಾಗದಲ್ಲಿ ಧ್ವನಿಯ ಆಯ್ಕೆಯಲ್ಲಿ ಕನ್ನಡ ಆರಿಸಿ. ಫೋನಿನಲ್ಲಿ ಒಮ್ಮೆ ದಾರಿ ಶುರು ಮಾಡಿ ಕನ್ನಡ ಬರುತ್ತಿದೆಯಾ ಕೇಳಿ, ಆಮೇಲೆ ಕಾರಿಗೆ ಜೋಡಿಸಿ. ಮನೆಯ ಹಿರಿಯರು ಪಕ್ಕದಲ್ಲಿ ಕೂತಿದ್ದರೆ ‘ಎಡಕ್ಕೆ ತಿರುಗಿ’ ಅನ್ನುವ ದನಿ ಅವರಿಗೂ ಅರ್ಥವಾಗುತ್ತದೆ. ಅವರ ಕಡೆಯಿಂದ ಇನ್ನೊಂದು ಸಲಹೆ ಬರುತ್ತೆ ಅನ್ನುವುದು ಬೇರೆ ಮಾತು.

ದನಿ ಕೇಳಿಸುತ್ತಿಲ್ಲವೇ? ಕಾರಿನಲ್ಲಿ ಹಾಡಿನ ವಾಲ್ಯೂಮ್ ಬೇರೆ, ದಾರಿ ಹೇಳುವ ವಾಲ್ಯೂಮ್ ಬೇರೆ, ಕರೆಯ ವಾಲ್ಯೂಮ್ ಬೇರೆ. ದಾರಿಯ ದನಿ ಬರುತ್ತಿರುವ ಆ ಕ್ಷಣದಲ್ಲೇ ವಾಲ್ಯೂಮ್ ಬಟನ್ ತಿರುಗಿಸಿದರೆ ಅದರದ್ದು ಮಾತ್ರ ಏರುತ್ತದೆ.

ಬಾಯಲ್ಲಿ ಹೇಳಿ ಕೆಲಸ ಮಾಡಿಸುವುದಕ್ಕೆ ಸ್ಟೀರಿಂಗ್ ಮೇಲೆ ಮೈಕ್ ಅಥವಾ ಮಾತಾಡುವ ಮುಖದ ಚಿತ್ರದ ಬಟನ್ ಇರುತ್ತದೆ. ಹಲವು ಕಾರುಗಳಲ್ಲಿ ಒಮ್ಮೆ ಒತ್ತಿದರೆ ಕಾರಿನದೇ ಸಹಾಯಕ, ಒತ್ತಿ ಹಿಡಿದರೆ ಫೋನಿನ ಗೂಗಲ್ ಅಥವಾ ಸಿರಿ. ಕಾಂಟ್ಯಾಕ್ಟ್ಸ್‌ನಲ್ಲಿ ಹೆಸರು ಹೇಗೆ ಸೇವ್ ಮಾಡಿದ್ದೀರಿ ಅನ್ನುವುದು ಇಲ್ಲಿ ಮುಖ್ಯ. ‘ಪ್ಲಂಬರ್ ಹಳೇ ನಂಬರ್ 2’ ಅಂತ ಇದ್ದರೆ ಯಾವ ಸಹಾಯಕನೂ ಹುಡುಕಲಾರ. ದಿನಾ ಕರೆ ಮಾಡುವ ಐದಾರು ಜನರ ಹೆಸರನ್ನು ನೀವು ಬಾಯಲ್ಲಿ ಕರೆಯುವ ಹಾಗೆಯೇ ಬದಲಿಸಿ, ಮನೆಯಲ್ಲೇ ಒಮ್ಮೆ ಹೇಳಿ ನೋಡಿ. ಐಓಎಸ್ 18ರಿಂದ ಸಿರಿಗೂ ಭಾರತೀಯ ಇಂಗ್ಲಿಷ್ ಜೊತೆ ಕನ್ನಡ ಬೆರೆಸಿ ಹೇಳಬಹುದು, ನಾವು ಹೇಗಿದ್ದರೂ ಮಾತಾಡುವುದೇ ಹಾಗೆ.

ಮೆಸೇಜ್ ಓದಿಸುವಾಗ ಒಂದು ತಮಾಷೆ ಕಾದಿರುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ ಮೆಸೇಜ್ ಬಂದರೆ ಸಹಾಯಕ ಅದನ್ನು ಇಂಗ್ಲಿಷ್ ಎಂದೇ ಓದುತ್ತದೆ. ‘ಊಟ ಆಯ್ತಾ’ ಅನ್ನುವುದು ಯಾವುದೋ ಯುರೋಪಿನ ಊರಿನ ಹೆಸರಿನ ಹಾಗೆ ಕೇಳಿಸುತ್ತದೆ. ಇನ್ನೊಂದು: ಮೆಸೇಜ್ ಜೋರಾಗಿ ಓದುವುದು ಕಾರಿನಲ್ಲಿರುವ ಎಲ್ಲರಿಗೂ ಕೇಳಿಸುತ್ತದೆ. ಆಫೀಸಿನವರನ್ನು ಕೂರಿಸಿಕೊಂಡು ಹೋಗುವ ದಿನ ಆಂಡ್ರಾಯ್ಡ್ ಆಟೋ ಸೆಟ್ಟಿಂಗ್ಸ್‌ನಲ್ಲಿ ಮೆಸೇಜ್ ನೋಟಿಫಿಕೇಶನ್ ಆಫ್ ಮಾಡಿಕೊಳ್ಳಿ.

ಹೊರಡುವ ಮುಂಚೆ ಮ್ಯಾಪ್ ಕೆಲಸ

ಕಾರು ಚಲಿಸುವಾಗ ಸ್ಕ್ರೀನಿನ ಕೀಬೋರ್ಡ್‌ಗೆ ಸಾಮಾನ್ಯವಾಗಿ ಬೀಗ ಬೀಳುತ್ತದೆ. ಆದ್ದರಿಂದ ಹೋಗುವ ಜಾಗವನ್ನು ಹೊರಡುವ ಮುಂಚೆ ಫೋನಿನಲ್ಲೇ ಹಾಕಿಡಿ. ಮದುವೆಗೆ ಕರೆದವರು ವಾಟ್ಸಾಪ್‌ನಲ್ಲಿ ಕಲ್ಯಾಣ ಮಂಟಪದ ಲೊಕೇಶನ್ ಕಳಿಸಿರುತ್ತಾರೆ. ಫೋನಿನಲ್ಲಿ ಅದನ್ನು ಒತ್ತಿ ಮ್ಯಾಪ್ಸ್‌ನಲ್ಲಿ ತೆಗೆದು, ದಾರಿ ಶುರು ಮಾಡಿ, ಆಮೇಲೆ ಕಾರಿಗೆ ಜೋಡಿಸಿದರೆ ಅದೇ ದಾರಿ ದೊಡ್ಡ ಸ್ಕ್ರೀನಿಗೆ ಬರುತ್ತದೆ. ಮಧ್ಯದಲ್ಲಿ ಹೂವು ತರಬೇಕು, ಚಿಕ್ಕಮ್ಮನನ್ನು ಹತ್ತಿಸಿಕೊಳ್ಳಬೇಕು ಎಂದಿದ್ದರೆ ಆ ನಿಲ್ದಾಣಗಳನ್ನೂ ಆಗಲೇ ಸೇರಿಸಿ.

ಘಟ್ಟ ಇಳಿಯುವವರು ಆಫ್‌ಲೈನ್ ಮ್ಯಾಪ್ ಇಳಿಸಿಕೊಳ್ಳದೆ ಹೊರಡಬೇಡಿ. ಶಿರಾಡಿ, ಚಾರ್ಮಾಡಿ, ಆಗುಂಬೆ, ಕುದುರೆಮುಖದ ಕಡೆ ನೆಟ್‌ವರ್ಕ್ ಬಂದು ಹೋಗುತ್ತಿರುತ್ತದೆ. ಶುರುವಾಗಿದ್ದ ದಾರಿ ನೆಟ್‌ವರ್ಕ್ ಹೋದರೂ ಮುಂದುವರಿಯುತ್ತದೆ. ತೊಂದರೆ ಬರುವುದು ಕೊಟ್ಟಿಗೆಹಾರದಲ್ಲಿ ನೀರುದೋಸೆಗೆ ನಿಲ್ಲಿಸಿ, ದಾರಿಯನ್ನು ಮುಚ್ಚಿ, ಮತ್ತೆ ಹೊಸದಾಗಿ ಹುಡುಕಲು ಹೊರಟಾಗ. ಇಳಿಸಿಕೊಳ್ಳುವುದು ಹೀಗೆ: ಮನೆಯ ವೈಫೈ ಇರುವಾಗ ಮ್ಯಾಪ್ಸ್‌ನಲ್ಲಿ ನಿಮ್ಮ ಫೋಟೋ ಒತ್ತಿ, ಆಫ್‌ಲೈನ್ ಮ್ಯಾಪ್ಸ್‌ಗೆ ಹೋಗಿ, ‘ನಿಮ್ಮದೇ ಮ್ಯಾಪ್ ಆರಿಸಿ’ ಅನ್ನುವುದನ್ನು ಒತ್ತಿದರೆ ನೀಲಿ ಚೌಕಟ್ಟು ಬರುತ್ತದೆ. ಸಕಲೇಶಪುರ, ಮೂಡಿಗೆರೆ, ಧರ್ಮಸ್ಥಳ, ಮಂಗಳೂರು ಎಲ್ಲಾ ಅದರೊಳಗೆ ಬರುವಂತೆ ಹಿಗ್ಗಿಸಿ ಡೌನ್‌ಲೋಡ್ ಒತ್ತಿ. ಆಫ್‌ಲೈನ್‌ನಲ್ಲಿ ಟ್ರಾಫಿಕ್ ಮಾಹಿತಿ ಇರುವುದಿಲ್ಲ. ಮಳೆಗಾಲದಲ್ಲಿ ಗುಡ್ಡ ಕುಸಿದು ರಸ್ತೆ ಬಂದ್ ಆಗಿದ್ದರೆ ಅದೂ ಗೊತ್ತಾಗುವುದಿಲ್ಲ. ಅದಕ್ಕೆ ಸಕಲೇಶಪುರದ ಟೀ ಅಂಗಡಿಯೇ ಗತಿ. ಹಾಡುಗಳನ್ನೂ ಇದೇ ವೇಳೆಗೆ ಡೌನ್‌ಲೋಡ್ ಮಾಡಿಡಿ.

ಬೆಂಗಳೂರಿನವರಿಗೆ ಬೇರೆ ಕಷ್ಟ: ಫ್ಲೈಓವರ್ ಹತ್ತಬೇಕೋ ಕೆಳಗೇ ಹೋಗಬೇಕೋ. 2024ರ ಜುಲೈನಲ್ಲಿ ಗೂಗಲ್ ಮ್ಯಾಪ್ಸ್ ಭಾರತದ 40 ನಗರಗಳಿಗೆ ಫ್ಲೈಓವರ್ ಸೂಚನೆ ತಂದಿತು, ಆಂಡ್ರಾಯ್ಡ್ ಆಟೋಗೂ ಅದು ಸೇರಿತ್ತು. ಆದರೂ ಹೆಬ್ಬಾಳದಂಥ ಕಡೆ ಸ್ಕ್ರೀನನ್ನೇ ನೆಚ್ಚಿಕೊಂಡು ಕೊನೇ ಕ್ಷಣದಲ್ಲಿ ಲೇನ್ ಬದಲಿಸಬೇಡಿ. ತಪ್ಪಿ ಹೋದರೆ ಹೋಗಲಿ, ಇನ್ನೊಂದು ಯು ಟರ್ನ್ ಅಷ್ಟೇ.

ಬಿಸಿಲು ಮತ್ತು ಬ್ಯಾಟರಿ

ಮ್ಯಾಪ್, ಹಾಡು, ವೈಫೈ, ಮೇಲಿಂದ ವೈರ್‌ಲೆಸ್ ಚಾರ್ಜಿಂಗ್ ಎಲ್ಲಾ ಒಟ್ಟಿಗೆ ನಡೆದರೆ ಫೋನ್ ಬಿಸಿಯಾಗುತ್ತದೆ. ಐಫೋನನ್ನು 0ಯಿಂದ 35 ಡಿಗ್ರಿ ಸೆಲ್ಸಿಯಸ್ ವಾತಾವರಣದಲ್ಲಿ ಬಳಸಬೇಕು ಎಂದು ಆಪಲ್ ಹೇಳುತ್ತದೆ. ರಾಯಚೂರು, ಕಲಬುರಗಿಯ ಏಪ್ರಿಲ್ ಬಿಸಿಲಿನಲ್ಲಿ ಗಾಜಿನ ಕೆಳಗೆ ಡ್ಯಾಶ್‌ಬೋರ್ಡ್ ಮೇಲಿಟ್ಟ ಫೋನಿನ ಗತಿ ನೀವೇ ಊಹಿಸಿ. ಜಾಸ್ತಿ ಬಿಸಿಯಾದರೆ ಫೋನ್ ಚಾರ್ಜ್ ನಿಲ್ಲಿಸುತ್ತದೆ, ನಿಧಾನವಾಗುತ್ತದೆ, ಸಂಪರ್ಕವೂ ತಪ್ಪಬಹುದು. ಮ್ಯಾಪ್ ಕಾರಿನ ಸ್ಕ್ರೀನಿನಲ್ಲಿರುವಾಗ ಫೋನ್ ಮೇಲೆ ಕಾಣುವಂತೆ ಇರಬೇಕಿಲ್ಲ. ಬಿಸಿಲು ಬೀಳದ ಕಡೆ, ಎಸಿ ಗಾಳಿ ತಾಗುವ ಕಡೆ ಇಡಿ. ದಪ್ಪ ಕವರ್ ತೆಗೆದರೆ ಇನ್ನೂ ಒಳ್ಳೆಯದು.

ಕೈಕೊಟ್ಟಾಗ ಈ ಸಾಲಿನಲ್ಲಿ ನೋಡಿ

ನಿನ್ನೆವರೆಗೆ ಚೆನ್ನಾಗಿತ್ತು, ಇವತ್ತು ಬರ್ತಿಲ್ಲ ಅಂದರೆ ಫೋನಿಗೋ ಆ್ಯಪ್‌ಗೋ ಅಪ್‌ಡೇಟ್ ಬಂದಿರುವ ಸಾಧ್ಯತೆ ಜಾಸ್ತಿ. ಮೊದಲು ಫೋನ್ ಆಫ್ ಮಾಡಿ ಆನ್ ಮಾಡಿ. ಎಷ್ಟೋ ಸಲ ಇಷ್ಟಕ್ಕೇ ಸರಿಯಾಗುತ್ತದೆ. ಆಗದಿದ್ದರೆ ಇನ್ನೊಂದು ಕೇಬಲ್ ಹಾಕಿ. ಅದೂ ಆಗದಿದ್ದರೆ ಇನ್ನೊಬ್ಬರ ಫೋನ್ ಹಾಕಿ ನೋಡಿ. ಅವರದ್ದು ಬಂತು, ನಿಮ್ಮದು ಬರಲಿಲ್ಲ ಅಂದರೆ ಕಾರಿಗೆ ಏನೂ ಆಗಿಲ್ಲ.

ಆಗ ಎರಡೂ ಕಡೆ ಪರಿಚಯ ಅಳಿಸಿ ಹೊಸದಾಗಿ ಶುರು ಮಾಡಿ. ಕಾರಿನ ಪಟ್ಟಿಯಿಂದ ಫೋನ್ ತೆಗೆಯಿರಿ. ಫೋನಿನ ಬ್ಲೂಟೂತ್ ಪಟ್ಟಿಯಿಂದ ಕಾರನ್ನು ಮರೆಸಿ. ಆಂಡ್ರಾಯ್ಡ್ ಆಟೋ ಸೆಟ್ಟಿಂಗ್ಸ್‌ನಲ್ಲಿ ಹಿಂದೆ ಜೋಡಿಸಿದ ಕಾರುಗಳ ಪಟ್ಟಿಯಿಂದಲೂ ಅಳಿಸಿ, ಆ ಆ್ಯಪ್‌ನ ಕ್ಯಾಶ್ (ತಾತ್ಕಾಲಿಕವಾಗಿ ಉಳಿಸಿಕೊಂಡ ಮಾಹಿತಿ) ತೆರವು ಮಾಡಿ. ಒಂದೇ ಕಡೆ ಅಳಿಸಿ ಇನ್ನೊಂದು ಕಡೆ ಬಿಟ್ಟರೆ ಹಳೇ ನೆನಪು ಉಳಿದು ಮತ್ತೆ ಜಗಳ. ಯಾರ ಫೋನೂ ಬರುತ್ತಿಲ್ಲ ಅಂದರೆ ಕಾರಿನ ಸ್ಕ್ರೀನ್ ರೀಸ್ಟಾರ್ಟ್ ಮಾಡಿ. ಹಲವು ಕಾರುಗಳಲ್ಲಿ ಸ್ಕ್ರೀನಿನ ಪವರ್ ಬಟನ್ ಸುಮಾರು 10 ಸೆಕೆಂಡ್ ಒತ್ತಿ ಹಿಡಿದರೆ ಆಗುತ್ತದೆ, ಸರಿಯಾದ ವಿಧಾನ ಕಾರಿನ ಕೈಪಿಡಿಯಲ್ಲಿರುತ್ತದೆ. ಇಷ್ಟೆಲ್ಲಾ ಆದ ಮೇಲೆ ಸರ್ವಿಸ್ ಸೆಂಟರ್‌ಗೆ ಹೋಗಿ, ಸ್ಕ್ರೀನಿನ ಸಾಫ್ಟ್‌ವೇರ್ ಅಪ್‌ಡೇಟ್ ಇದೆಯಾ ಎಂದು ಕೇಳಿ. ‘ನಮ್ಮ ಫೋನ್, ಕೇಬಲ್ ಬದಲಿಸಿ ನೋಡಿದ್ದೇವೆ’ ಎಂದು ಮೊದಲೇ ಹೇಳಿದರೆ ಅಲ್ಲಿನ ಅರ್ಧ ಗಂಟೆ ಉಳಿಯುತ್ತದೆ.

ಹಳೇ ಕಾರಿಗೆ

ಸ್ಕ್ರೀನೇ ಇಲ್ಲದ ಕಾರಿನಲ್ಲಿ ಬ್ಲೂಟೂತ್ ಇದ್ದರೆ ಕರೆ, ಹಾಡು, ಮ್ಯಾಪ್‌ನ ದನಿ ಇಷ್ಟು ಸ್ಪೀಕರ್‌ನಲ್ಲಿ ಸಿಗುತ್ತದೆ. ಒಂದು ಗಟ್ಟಿ ಮೊಬೈಲ್ ಹೋಲ್ಡರ್ ಜೊತೆಗಿದ್ದರೆ ತುಂಬಾ ಜನಕ್ಕೆ ಇಷ್ಟೇ ಸಾಕು. ಹೊಸ ಸ್ಕ್ರೀನ್ ಹಾಕಿಸಲೇಬೇಕು ಅಂದರೆ ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ರಾಶಿ ಸಿಗುತ್ತವೆ. ‘ಆಂಡ್ರಾಯ್ಡ್ ಸ್ಟೀರಿಯೊ’ ಎಂದು ಮಾರುವುದಕ್ಕೂ ಆಂಡ್ರಾಯ್ಡ್ ಆಟೋಗೂ ವ್ಯತ್ಯಾಸ ಇದೆ. ಮೊದಲನೆಯದು ತಾನೇ ಒಂದು ಟ್ಯಾಬ್ಲೆಟ್, ಅದರಲ್ಲಿ ಆಂಡ್ರಾಯ್ಡ್ ಆಟೋ ಇರಬಹುದು, ಇಲ್ಲದೆಯೂ ಇರಬಹುದು. ಅಂಗಡಿಯಲ್ಲೇ ನಿಮ್ಮ ಫೋನ್ ಜೋಡಿಸಿ, ಒಂದು ಕರೆ ಮಾಡಿ, ಆ ಕಡೆಯವರಿಗೆ ನಿಮ್ಮ ದನಿ ಸ್ಪಷ್ಟವಾಗಿದೆಯಾ ಎಂದು ಕೇಳಿ. ಇಂಚು, ರ್‍ಯಾಮ್ ಲೆಕ್ಕ ಆಮೇಲೆ. ವೈರ್ ಕತ್ತರಿಸಿ ಜೋಡಿಸುತ್ತೇವೆ ಅಂದರೆ ಬೇಡ ಅನ್ನಿ, ನಿಮ್ಮ ಕಾರಿಗೆ ಹೊಂದುವ ಕಪ್ಲರ್, ಅಂದರೆ ವೈರ್ ಕತ್ತರಿಸದೆ ಜೋಡಿಸುವ ಪ್ಲಗ್ ಕೇಳಿ. ವೈರ್ ಕತ್ತರಿಸಿದರೆ ವಾರಂಟಿಯ ತಕರಾರು ಬರಬಹುದು.

ಕಾನೂನಿನ ಮಾತು

2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 184ನೇ ಕಲಂ ಪ್ರಕಾರ ಡ್ರೈವ್ ಮಾಡುವಾಗ ಕೈಯಲ್ಲಿ ಫೋನ್ ಬಳಸುವುದು ಅಪಾಯಕಾರಿ ಚಾಲನೆ. ಮೊದಲ ಸಲಕ್ಕೆ ಕಾಯ್ದೆಯಲ್ಲಿರುವ ದಂಡ 1,000ದಿಂದ 5,000 ರೂಪಾಯಿ, ಜೈಲಿಗೂ ಅವಕಾಶ ಇದೆ. 2020ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂದ ನಿಯಮ ದಾರಿ ನೋಡುವುದಕ್ಕೆ ಮಾತ್ರ ರಿಯಾಯಿತಿ ಕೊಟ್ಟಿತು, ಅದೂ ಡ್ರೈವರ್ ಗಮನ ಕೆಡದಂತೆ. ಓಡುವಾಗ ವಿಡಿಯೋ ನೋಡಲು ಆಂಡ್ರಾಯ್ಡ್ ಆಟೋ, ಕಾರ್‌ಪ್ಲೇ ಬಿಡುವುದಿಲ್ಲ. ಆ ತಡೆ ದಾಟಿಸುವ ಕಳ್ಳ ಆ್ಯಪ್‌ಗಳನ್ನು ಹಾಕಿಕೊಡುವವರಿದ್ದಾರೆ. ಹಾಕಿಸಬೇಡಿ. ಆ ಆ್ಯಪ್‌ಗಳಿಗೆ ನಿಮ್ಮ ಫೋನಿನ ಯಾವ್ಯಾವ ಅನುಮತಿ ಹೋಗುತ್ತದೆ ಅನ್ನುವುದೂ ಚಿಂತೆಯ ವಿಷಯವೇ.

ಬಾಡಿಗೆ ಕಾರು, ಮಾರುವ ಕಾರು

ಬ್ಲೂಟೂತ್ ಜೋಡಿಸುವಾಗ ಕಾಂಟ್ಯಾಕ್ಟ್ಸ್ ಹಂಚಿಕೊಳ್ಳಲು ಒಪ್ಪಿದರೆ ನಿಮ್ಮ ಫೋನ್‌ಬುಕ್, ಕರೆಗಳ ಪಟ್ಟಿ ಕಾರಿನ ಒಳಗೆ ಉಳಿಯಬಹುದು. ಸೆಲ್ಫ್ ಡ್ರೈವ್ ಕಾರು ತಗೊಂಡಾಗ ಬ್ಲೂಟೂತ್ ಪಟ್ಟಿ ತೆಗೆದು ನೋಡಿ, ಯಾರ್‍ಯಾರೋ ತಮ್ಮ ಹೆಸರಿನ ಫೋನ್ ಬಿಟ್ಟು ಹೋಗಿರುತ್ತಾರೆ. ಬಾಡಿಗೆ ಕಾರಿಗೆ ಕಾಂಟ್ಯಾಕ್ಟ್ಸ್ ಕೊಡಬೇಡಿ. ಬರೀ ಚಾರ್ಜ್ ಬೇಕಿದ್ದರೆ 12 ವೋಲ್ಟ್ ಸಾಕೆಟ್‌ಗೆ ಚಾರ್ಜರ್ ಹಾಕಿ, ಸ್ಕ್ರೀನಿನ ಯುಎಸ್‌ಬಿಗೆ ಬೇಡ. ಕೀ ವಾಪಸ್ ಕೊಡುವ ಮುಂಚೆ ಕಾರಿನಿಂದ ನಿಮ್ಮ ಫೋನ್ ಅಳಿಸಿ, ಫೋನಿನಿಂದ ಕಾರನ್ನೂ ಅಳಿಸಿ.

ಸ್ವಂತ ಕಾರು ಮಾರುವಾಗ ಒಂದೊಂದೇ ಅಳಿಸುವ ಬದಲು ಸ್ಕ್ರೀನಿನ ಸೆಟ್ಟಿಂಗ್ಸ್‌ನಲ್ಲಿ ಫ್ಯಾಕ್ಟರಿ ರೀಸೆಟ್ ಮಾಡಿ. ಕಾರಿನದೇ ನ್ಯಾವಿಗೇಶನ್‌ನಲ್ಲಿ ಉಳಿಸಿದ ಮನೆ ವಿಳಾಸವೂ ಅದರ ಜೊತೆ ಹೋಗುತ್ತದೆ. ಕಂಪನಿಯ ಕನೆಕ್ಟೆಡ್ ಆ್ಯಪ್ ಇದ್ದರೆ ಅದರಿಂದಲೂ ಕಾರನ್ನು ತೆಗೆಯಿರಿ. ಇಲ್ಲದಿದ್ದರೆ ಕೊಂಡವರು ಎಲ್ಲೆಲ್ಲಿ ಓಡಾಡುತ್ತಿದ್ದಾರೆ ಅನ್ನುವುದು ನಿಮ್ಮ ಫೋನಿಗೆ ಬರುತ್ತಲೇ ಇರಬಹುದು.